ಪರೀಕ್ಷೆ ಯಾವಾಗ ಎಂದೇ ತಿಳಿಯದ ದಿನಗಳಲ್ಲಿ ಮನಸ್ಸನ್ನು ಕಾಪಾಡಿಕೊಳ್ಳುವುದು

ಕೊರೊನಾದಂಥ ಸಾಂಕ್ರಾಮಿಕದ ಕಾಲದಲ್ಲಿ ಹದಿಹರೆಯದ ವಿದ್ಯಾರ್ಥಿಗಳನ್ನು ಪಾಠದ ಹೊರೆಗಿಂತ ಹೆಚ್ಚಾಗಿ ದಣಿಸುವುದು ಮುಂದೇನು ಎಂಬುದು ತಿಳಿಯದ ಸ್ಥಿತಿ. 2020ರ ಮಾರ್ಚ್‌ನಲ್ಲಿ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಮುಂದೆ ಹೋಯಿತು. 2021ರಲ್ಲಿ ಅದೇ ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನಗಳಲ್ಲಿ, ಬಹು ಆಯ್ಕೆಯ ಪ್ರಶ್ನೆಗಳೊಂದಿಗೆ ಮುಗಿಯಿತು. ಇಂಥ ತೀರ್ಮಾನಗಳು ವಿದ್ಯಾರ್ಥಿಯ ಕೈಯಲ್ಲಿರುವುದಿಲ್ಲ. ಅಂದಂದಿನ ದಿನಚರಿ ಬಹುಮಟ್ಟಿಗೆ ಇರುತ್ತದೆ.

ಮೊದಲು ನಿದ್ದೆಯನ್ನು ಸರಿಪಡಿಸಿಕೊಳ್ಳಿ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕು. ಶಾಲೆಯ ಗಂಟೆ ಇಲ್ಲದಾಗ ಏಳುವ ಹೊತ್ತು ಜಾರುತ್ತಾ ಹೋಗಿ, ನಡುರಾತ್ರಿಯವರೆಗೆ ಮೊಬೈಲ್ ಹಿಡಿದು ಸಾವುನೋವಿನ ಸುದ್ದಿಗಳನ್ನೇ ಮತ್ತೆ ಮತ್ತೆ ನೋಡುವ ಅಭ್ಯಾಸ ಬೆಳೆಯುತ್ತದೆ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಮೊಬೈಲನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗಿ. ಸುದ್ದಿಯನ್ನು ಹಗಲಿನಲ್ಲಿ ಒಮ್ಮೆ ನೋಡಿದರೆ ಸಾಕು.

ಮಂಡ್ಯದ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನ್ ಬೆಳಿಗ್ಗೆಯೇ ಅಪ್ಪನ ಜೊತೆ ಗದ್ದೆಗೋ ಆಲೆಮನೆಗೋ ಹೋಗಿಬಿಡುವುದರಿಂದ ಆನ್‌ಲೈನ್ ತರಗತಿ ತಪ್ಪುತ್ತದೆ. ಇದು ನಿಮ್ಮ ಸೋಲಲ್ಲ. ಪರಿಸ್ಥಿತಿಯನ್ನು ಶಿಕ್ಷಕರಿಗೆ ಮೊದಲೇ ತಿಳಿಸಿ, ಅಂದಿನ ಪಾಠವನ್ನು ಗೆಳೆಯರಿಂದ ಸಂಜೆ ಕೇಳಿ ತಿಳಿದುಕೊಳ್ಳಿ. ಕೊರೊನಾ ದಿನಗಳಲ್ಲಿ ಚಂದನ ವಾಹಿನಿಯಲ್ಲಿ ಪ್ರಸಾರವಾದ ‘ಸಂವೇದ’ ಪಾಠಗಳಿಗೆ ಫೋನ್ ಬೇಕಿರಲಿಲ್ಲ ಎಂಬುದೇ ಅವುಗಳ ದೊಡ್ಡ ಗುಣ.

ನಿರ್ಬಂಧಗಳು ಅವಕಾಶ ಕೊಟ್ಟಾಗ ದಿನವೂ ನಡೆಯಿರಿ: ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ದಂಡೆ, ಹಳ್ಳಿಯಲ್ಲಾದರೆ ತೋಟದ ದಾರಿ. (ಈಜಲೆಂದು ನಾಲೆಗೆ ಇಳಿಯುವುದು ಮಾತ್ರ ಬೇಡ.)

ತಂದೆತಾಯಿಯರಿಗೂ ಒಂದು ಮಾತು. ದುಡಿಮೆ ನಿಂತ ಮನೆಯ ಆತಂಕ ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ಮುಚ್ಚಿಟ್ಟಷ್ಟೂ ಅವರು ಇನ್ನೂ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾರೆ. ಇರುವ ಸಂಗತಿಯನ್ನು ಅವರ ವಯಸ್ಸಿಗೆ ತಕ್ಕಂತೆ ಹೇಳಿ, ಪಕ್ಕದ ಮನೆಯ ಮಗುವಿನ ಅಂಕಗಳೊಂದಿಗೆ ಹೋಲಿಸುವುದನ್ನು ಬಿಟ್ಟು, ಅವರು ಮಾತಾಡುವಾಗ ಉಪದೇಶಕ್ಕಿಳಿಯದೆ ಕೇಳಿ.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್‌ನಲ್ಲಾಗಲಿ ಮನೋವೈದ್ಯರನ್ನು ಕಾಣಬಹುದು. ಬದುಕುವುದೇ ಬೇಡ ಎನ್ನುವ ಮಾತು ಬಂದರೆ ಕಾಯದೆ, ಅವರನ್ನು ಒಂಟಿಯಾಗಿ ಬಿಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ; ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳು ತಾವಾಗಿಯೇ ಮಕ್ಕಳ ಸಹಾಯವಾಣಿ 1098ಕ್ಕೂ ಕರೆಮಾಡಬಹುದು.