ಕಿರುಚಿತ್ರ ಪ್ರಾಜೆಕ್ಟಾ? ಒಂದು ಕಾಲಂ ಖಾಲಿ ಬಿಟ್ಟು ಶುರುಮಾಡಿ

ಕಾಲೇಜಿನಲ್ಲಿ ಕಿರುಚಿತ್ರದ ಪ್ರಾಜೆಕ್ಟ್ ಕೊಟ್ಟ ದಿನ ಗುಂಪಿನಲ್ಲಿ ಮೊದಲು ಏಳುವ ಮಾತು ಕ್ಯಾಮೆರಾದ್ದು. ಯಾರ ಹತ್ತಿರ ಒಳ್ಳೆ ಫೋನಿದೆ, ಫೋನ್ ಅಲುಗದ ಹಾಗೆ ಹಿಡಿಯುವ ಗಿಂಬಲ್ ಬಾಡಿಗೆಗೆ ಸಿಗುತ್ತಾ, ಒಂದು ಡ್ರೋನ್ ಶಾಟ್ ಇಟ್ಟರೆ ಹೇಗೆ ಅಂತೆಲ್ಲ. ಕಥೆಯ ಮಾತು ಆಮೇಲೆ. ಸೌಂಡಿನ ಮಾತು ಬರುವುದೇ ಇಲ್ಲ. ಕೊನೆಗೆ ಚಿತ್ರ ಕೆಡುವುದು ಮಾತ್ರ ಬಹುತೇಕ ಸೌಂಡಿನಿಂದ, ಇಲ್ಲವೇ ಟೈಮ್ ಸಾಲದೆ. ಈ ಎರಡಕ್ಕೂ ದುಬಾರಿ ಕ್ಯಾಮೆರಾ ಪರಿಹಾರವಲ್ಲ.

ಮೊದಲ ಮೀಟಿಂಗ್‌ನಲ್ಲೇ ಒಂದು ಗೂಗಲ್ ಶೀಟ್ ತೆರೆಯಿರಿ. ಲಾಂಗ್ ನೋಟ್‌ಬುಕ್ ಆದರೂ ಸರಿ. ಒಂದು ಕಾಲಂಗೆ ‘ಅಂದುಕೊಂಡದ್ದು’ ಅಂತ ಬರೆಯಿರಿ. ಪಕ್ಕದ ಕಾಲಂಗೆ ‘ಆದದ್ದು’ ಅಂತ ಬರೆದು ಖಾಲಿ ಬಿಡಿ. ಕಥೆ, ಶಾಟ್, ಸಮಯ, ಖರ್ಚು, ಯಾವುದನ್ನೇ ಪ್ಲಾನ್ ಮಾಡಿದರೂ ಇದೇ ಎರಡು ಕಾಲಂನಲ್ಲಿ ಬರಲಿ. ಖಾಲಿ ಕಾಲಂ ತುಂಬುವುದು ಶೂಟಿಂಗ್ ಶುರುವಾದ ಮೇಲೆ.

ಕಥೆ: ಕೈಯಲ್ಲಿ ಇರುವುದರಿಂದಲೇ

ಕಥೆ ಬರೆದು ಆಮೇಲೆ ಜಾಗ ಹುಡುಕುವುದು ದುಡ್ಡಿದ್ದವರ ದಾರಿ. ನೀವು ಉಲ್ಟಾ ಹೋಗಿ. ಪುಕ್ಕಟೆ ಸಿಗುವ ಜಾಗ ಯಾವುದು, ನಟಿಸಲು ಬರುವ ದೊಡ್ಡವರು ಯಾರು, ಎಷ್ಟು ಭಾನುವಾರ ಖಾಲಿ ಇವೆ ಅಂತ ಮೊದಲು ಪಟ್ಟಿ ಮಾಡಿ. ಕಥೆ ಅದರೊಳಗೆ ಹುಟ್ಟಲಿ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ‘ಅಜ್ಜಿಗೆ ಹುಷಾರಿಲ್ಲ’ ಅಂತ ವಾರ್ಡನ್‌ಗೆ ಸುಳ್ಳು ಹೇಳಿ ಹಾಸ್ಟೆಲ್‌ನಿಂದ ಹೊರಟ ಹುಡುಗಿ, ಬಸ್ಸಿಗೆ ಕಾಯುವಾಗ ಅಪ್ಪನನ್ನು ಕಾಣುತ್ತಾಳೆ. ಗದ್ದೆಗೆ ಹೋಗಿ ಬರುತ್ತೇನೆ ಅಂತ ಮನೆಯಲ್ಲಿ ಹೇಳಿದ್ದ ಅಪ್ಪ, ಪೇಟೆಗೆ ಬಂದಿದ್ದು ಅಮ್ಮನ ಸರ ಅಡವಿಡಲು. ಇಬ್ಬರೂ ಸುಳ್ಳು ಹೇಳಿ ಬಂದವರೇ. ಇಬ್ಬರಿಗೂ ಒಂದೇ ಬಸ್ಸು.

ಇದನ್ನು ದೊಡ್ಡ ಬಸ್ ಸ್ಟ್ಯಾಂಡಿನಲ್ಲಿ ತೆಗೆಯಲು ಹೋದರೆ ಪರ್ಮಿಷನ್ ಬೇಕು, ಹಾರ್ನ್ ಸದ್ದು, ಮೈಕಿನ ಅನೌನ್ಸ್‌ಮೆಂಟ್, ಜೊತೆಗೆ ಕ್ಯಾಮೆರಾ ನೋಡಿ ನಗುವ ಜನ. ಅದೇ ಕಥೆಯನ್ನು ಊರಾಚೆ ಕ್ರಾಸಿನ ಬಸ್ ತಂಗುದಾಣಕ್ಕೆ ತನ್ನಿ. ಬಸ್ಸು ಅಪರೂಪ. ಅಪ್ಪ ಮಗಳು ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಜಾಗ ಚಿಕ್ಕದಾದಷ್ಟೂ ಕಥೆಗೆ ಬಿಗಿ ಬಂತು ಅಲ್ವಾ? ಅಲ್ಲೂ ಸುಮ್ನೆ ಹೋಗಿ ನಿಲ್ಲಬೇಡಿ. ಪ್ರಿನ್ಸಿಪಾಲರ ಸಹಿ ಇರುವ ಪತ್ರ ಒಂದನ್ನು ಪಂಚಾಯಿತಿಗೆ ಕೊಟ್ಟು, ಇನ್ನೊಂದು ಪ್ರತಿ ಕೈಯಲ್ಲಿರಲಿ. ಹಂಪಿ, ಪಟ್ಟದಕಲ್ಲಿನಂಥ ಸಂರಕ್ಷಿತ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿ ಬೇಕು. ರೈಲ್ವೆ ಪ್ಲಾಟ್‌ಫಾರ್ಮಿಗೆ ರೈಲ್ವೆಯವರದು ಬೇಕು. ಡ್ರೋನಿಗೆ 2021ರ ನಿಯಮಗಳಿವೆ, ಎಲ್ಲೆಂದರಲ್ಲಿ ಹಾರಿಸುವ ಹಾಗಿಲ್ಲ. ನನ್ನ ಕೇಳಿದರೆ ಡ್ರೋನ್ ಆಸೆ ಬಿಡುವುದೇ ವಾಸಿ. ಈ ಕಥೆಗಂತೂ ಅದು ಬೇಡ.

ಯಾರದಾದರೂ ಕಥೆಯನ್ನು ಸಿನಿಮಾ ಮಾಡುವ ಆಸೆ ಇದ್ದರೆ ಹಕ್ಕು ನೋಡಿಕೊಳ್ಳಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಗೆ ತೊಂದರೆ ಇಲ್ಲ. 1986ರಲ್ಲಿ ತೀರಿಕೊಂಡ ಮಾಸ್ತಿಯವರದಕ್ಕೆ 2046ರ ಕೊನೆಯವರೆಗೂ ಅನುಮತಿ ಕೇಳಲೇಬೇಕು. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕುವ ಯೋಚನೆಯೂ ಬೇಡ. ಯೂಟ್ಯೂಬಿಗೆ ಹಾಕಿದ ಕೂಡಲೇ ಹಾಡಿನ ಹಕ್ಕುದಾರರ ಕ್ಲೇಮ್ ಬೀಳುವ ಸಾಧ್ಯತೆ ಜಾಸ್ತಿ.

ಬರೆದದ್ದನ್ನು ಗಡಿಯಾರ ಇಟ್ಟು ಓದಿ

ಸ್ಕ್ರಿಪ್ಟಿನ ಒಂದು ಪುಟ ಅಂದರೆ ಪರದೆಯ ಮೇಲೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷ್ ಟೈಪಿಂಗಿನದು. ಕೈಬರಹದ ಕನ್ನಡಕ್ಕೆ ಅದು ಕೂಡಿಬರುವುದಿಲ್ಲ. ಫೋನಿನ ಸ್ಟಾಪ್‌ವಾಚ್ ಹಾಕಿ, ಮಾತಿಲ್ಲದ ಜಾಗದಲ್ಲಿ ನಿಜವಾಗಿ ಸುಮ್ಮನಿದ್ದು, ಜೋರಾಗಿ ಓದಿ. ಆಸ್ಕರ್ ನಿಯಮದ ಪ್ರಕಾರ 40 ನಿಮಿಷದವರೆಗೂ ಕಿರುಚಿತ್ರವೇ. ಅದನ್ನು ನೋಡಿ ಉಬ್ಬಬೇಡಿ. ನಿಮಗೆ ಆರೇಳು ನಿಮಿಷ ಸಾಕು.

ಶಾಟ್ ಪಟ್ಟಿ: ಇಲ್ಲಿ ಕೂತು ತಲೆ ಕೆಡಿಸಿಕೊಳ್ಳಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಾಕಬೇಕಾದ್ದು ಇಲ್ಲಿ. ‘ಅಪ್ಪ ಮಗಳು ಭೇಟಿ’ ಅಂತ ಒಂದೇ ಸಾಲು ಬರೆದುಕೊಂಡು ಹೋದರೆ ಸ್ಪಾಟಿನಲ್ಲಿ ಜಗಳ ಗ್ಯಾರಂಟಿ. ಆ ಭೇಟಿಯನ್ನು ಬಿಡಿಸಿ ನೋಡಿ.

ಮೊದಲು ದೂರದಿಂದ ಇಡೀ ತಂಗುದಾಣ, ಒಂದು ಮೂಲೆಯಲ್ಲಿ ಹುಡುಗಿ. ಆಮೇಲೆ ಅವಳ ಮುಖ. ಯಾರೋ ಬಂದು ಕೂತದ್ದು ಅವಳಿಗೆ ಗೊತ್ತಾಗುತ್ತದೆ, ಆದರೆ ತಿರುಗಿ ನೋಡುವುದಿಲ್ಲ. ಮೂರನೆಯದು ಕೈ ಮಾತ್ರ: ಚಿನ್ನದ ಅಂಗಡಿಯವರು ಕೊಡುವ ಜಿಪ್ಪಿನ ಪುಟ್ಟ ಪರ್ಸ್, ಒಳಗೆ ಏನೂ ಇಲ್ಲದೆ ಚಪ್ಪಟೆಯಾಗಿದೆ. ಅದನ್ನು ಮಡಚಿ ಅಂಗಿ ಜೇಬಿಗೆ ತುರುಕುವ ಬೆರಳುಗಳು. ಅವಳು ಆ ಪರ್ಸನ್ನು ಗುರುತಿಸುತ್ತಾಳೆ. ಅದಾದ ಮೇಲಷ್ಟೇ ಅಪ್ಪನ ಮುಖ. ಇಷ್ಟರಲ್ಲಿ ಒಂದು ಮಾತೂ ಬೇಕಾಗಲಿಲ್ಲ. ‘ಅಮ್ಮನ ಸರ ಅಡವಿಟ್ಟೆಯಾ ಅಪ್ಪಾ?’ ಅಂತ ಕೇಳಿಸಿದ್ದರೆ ಅದು ನಾಟಕದ ಡೈಲಾಗ್ ಆಗುತ್ತಿತ್ತು. ಅಷ್ಟಕ್ಕೂ ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳು ಅಪ್ಪನನ್ನು ಹಾಗೆ ನೇರವಾಗಿ ಕೇಳುತ್ತಾರೆ?

ಒಂದು ನಿಯಮ ಮರೆಯಬೇಡಿ. ಇಬ್ಬರ ನಡುವೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿರಲಿ. ಗೆರೆ ದಾಟಿದರೆ ಒಬ್ಬರನ್ನೊಬ್ಬರು ನೋಡುತ್ತಿರುವವರು ಪರದೆಯ ಮೇಲೆ ಇಬ್ಬರೂ ಒಂದೇ ಕಡೆ ಮುಖ ಮಾಡಿದ ಹಾಗೆ ಕಾಣುತ್ತಾರೆ.

ಯಾರು ಏನು, ಯಾವಾಗ

ಎಲ್ಲರಿಗೂ ಡೈರೆಕ್ಷನ್ನೇ ಬೇಕು, ಸೌಂಡ್ ಯಾರಿಗೂ ಬೇಡ. ಇದು ಎಲ್ಲ ಕಾಲೇಜಿನ ಕಥೆ. ಗುಂಪಿನಲ್ಲಿ ಹೆಚ್ಚು ತಾಳ್ಮೆ ಇರುವವರಿಗೆ ಸೌಂಡ್ ಕೊಡಿ. ಶೀಟ್ ಬರೆಯಲು ಬೇರೆಯೇ ಒಬ್ಬರಿರಲಿ. ಶೂಟಿಂಗಿನ ಹಿಂದಿನ ದಿನದವರೆಗೆ ಎಷ್ಟು ಬೇಕಾದರೂ ವಾದ ಮಾಡಿ. ಸ್ಪಾಟಿನಲ್ಲಿ ಮಾತ್ರ ಡೈರೆಕ್ಟರ್ ಹೇಳಿದ್ದೇ ಕೊನೆ.

ಶೂಟಿಂಗ್ ಕಥೆಯ ಕ್ರಮದಲ್ಲಿ ಬೇಡ, ಜಾಗದ ಕ್ರಮದಲ್ಲಿ ಮಾಡಿ. ತಂಗುದಾಣದ ಶಾಟ್‌ಗಳೆಲ್ಲ ಒಂದೇ ದಿನ ಮುಗಿಯಲಿ. ದೂರದ ಶಾಟ್‌ಗಳನ್ನು ಬೆಳಗಿನ ಎಳೆ ಬಿಸಿಲಿನಲ್ಲಿ, ಮುಖದ ಶಾಟ್‌ಗಳನ್ನು ಮಧ್ಯಾಹ್ನ ಸೂರಿನ ನೆರಳಿನಲ್ಲಿ ತೆಗೆಯಬಹುದು. ಇಂಟರ್ನಲ್ಸ್ ವಾರ, ಜಾತ್ರೆ, ಮದುವೆ ಸೀಸನ್ ನೋಡಿಕೊಂಡೇ ದಿನ ಗೊತ್ತು ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಶೂಟಿಂಗ್ ಇದ್ದರೆ ಮಳೆಗೊಂದು ದಿನ ಎತ್ತಿಡಿ. ದುಡ್ಡು ಹೋಗುವುದು ಬಸ್ ಚಾರ್ಜಿಗೆ, ತಿಂಡಿ-ಊಟಕ್ಕೆ. ಅಪ್ಪನ ಪಾತ್ರಕ್ಕೆ ಬಂದ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಿ, ಕೂರಲು ಕುರ್ಚಿ ಕೊಡಿ.

ಶೂಟಿಂಗ್ ದಿನ

ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫೋಕಸ್, ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಅಳತೆ) ಲಾಕ್ ಮಾಡಿ. ಇಲ್ಲದಿದ್ದರೆ ಹಿಂದೆ ಲಾರಿ ಹಾದಾಗಲೆಲ್ಲ ಮುಖದ ಬೆಳಕು ಏರಿಳಿಯುತ್ತದೆ. ಹಾಸ್ಟೆಲ್ ರೂಮಿನಂಥ ಒಳಗಿನ ಸೀನಿಗೆ ಇನ್ನೊಂದು ವಿಷಯ: ನಮ್ಮ ಕರೆಂಟ್ 50 ಹರ್ಟ್ಸ್. ಕ್ಯಾಮೆರಾ ಆ್ಯಪ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವ ಕಾಟ ತಪ್ಪುತ್ತದೆ.

ಮಾತನ್ನು ಎರಡನೇ ಫೋನಿನಲ್ಲಿ, ಮಾತಾಡುವವರ ಹತ್ತಿರವೇ ಫ್ರೇಮಿನಲ್ಲಿ ಕಾಣದ ಹಾಗೆ ಇಟ್ಟು ರೆಕಾರ್ಡ್ ಮಾಡಿ. ಪ್ರತಿ ಟೇಕಿನ ಮೊದಲು ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ. ಎಡಿಟಿಂಗ್‌ನಲ್ಲಿ ದೃಶ್ಯವನ್ನೂ ಸದ್ದನ್ನೂ ಕೂಡಿಸಲು ಅದೇ ಗುರುತು. ಒಳಗಾದರೆ ಫ್ಯಾನ್ ಆಫ್ ಮಾಡಿಸಿ. ಜಾಗ ಬಿಡುವ ಮುಂಚೆ ಎಲ್ಲರೂ ಸುಮ್ಮನೆ ನಿಂತು, ಆ ಜಾಗದ ಬರೀ ಸದ್ದನ್ನು 30 ಸೆಕೆಂಡ್ ರೆಕಾರ್ಡ್ ಮಾಡಿ. ಮಾತುಗಳ ನಡುವೆ ಕತ್ತರಿಸಿದ ಸಂದು ಕೇಳಿಸದ ಹಾಗೆ ಮುಚ್ಚಲು ಅದು ಬೇಕು. ಇದನ್ನು ಹೇಳಿದಾಗ ಎಲ್ಲರೂ ನಗುತ್ತಾರೆ, ಎಡಿಟಿಂಗಿಗೆ ಕೂತಾಗ ಹುಡುಕುತ್ತಾರೆ.

ಪ್ರತಿ ಶಾಟ್ ಮುಗಿದಾಗ ನಟರದ್ದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಪ್ಪನ ಟವೆಲ್ ಯಾವ ಹೆಗಲ ಮೇಲಿತ್ತು ಅನ್ನುವುದು ಊಟವಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಖಾಲಿ ಕಾಲಂ ತುಂಬಬೇಕಾದ್ದೂ ಆವಾಗಾವಾಗಲೇ. ‘ಲೇಟಾಯಿತು’ ಅಂತ ಬರೆದರೆ ಉಪಯೋಗವಿಲ್ಲ. ‘9ಕ್ಕೆ ಶುರು ಅಂದಿದ್ದೆವು, 10:40 ಆಯ್ತು, ಟ್ರೈಪಾಡ್ ಇದ್ದವನ ಬಸ್ ತಪ್ಪಿತು’ ಅಂತ ಬರೆಯಿರಿ. ಮನೆಗೆ ಹೋಗುವ ಮೊದಲು ಎಲ್ಲ ಕ್ಲಿಪ್ ಎರಡು ಕಡೆ ಕಾಪಿ ಆಗಲಿ.

ಎಡಿಟಿಂಗ್, ಆಮೇಲೆ ನಿಜವಾದ ಮೀಟಿಂಗ್

ಕಂಪ್ಯೂಟರ್ ಇದ್ದರೆ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಸಿಸ್ಟಂ ಹಳೆಯದಾದರೆ ಕೆಡೆನ್‌ಲೈವ್ ಪ್ರಯತ್ನಿಸಿ. ಮೊದಲ ಕಚ್ಚಾ ಜೋಡಣೆ, ಅಂದರೆ ರಫ್ ಕಟ್ ಆದ ಕೂಡಲೇ ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ‘ಹೇಗಿದೆ?’ ಅಂತ ಕೇಳಬೇಡಿ, ಚೆನ್ನಾಗಿದೆ ಅಂದುಬಿಡುತ್ತಾರೆ. ‘ಏನಾಯ್ತು ಹೇಳಿ’ ಅನ್ನಿ. ಪರ್ಸಿನ ವಿಷಯ ಅವರ ಬಾಯಲ್ಲಿ ಬರದಿದ್ದರೆ ಆ ಶಾಟ್ ಇನ್ನೂ ಎರಡು ಸೆಕೆಂಡ್ ಉದ್ದ ಬೇಕು ಅಂತ ಅರ್ಥ.

ಸಿನಿಮಾ ನೋಡಿ ಕೂತು ಮಾತಾಡುವುದು ನಮಗೆ ಹೊಸದೇನಲ್ಲ. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನ ನೀನಾಸಂ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿ ಚರ್ಚೆ ಮಾಡಿಸಿತ್ತು. ನಿಮ್ಮದೇ ಚಿತ್ರದ ಮೇಲೆ ಅಂಥದ್ದೊಂದು ಚರ್ಚೆ ಇಟ್ಟುಕೊಳ್ಳಿ. ಪ್ರದರ್ಶನದ ದಿನವೇ ಬೇಡ, ಚಪ್ಪಾಳೆಯ ಗುಂಗು ಇಳಿಯಲಿ. ಶೀಟ್ ಎದುರಿಗಿಟ್ಟುಕೊಂಡು ಮೊದಲು ಎಡಿಟರ್ ಮಾತಾಡಲಿ. ಏನು ಸಿಗಲಿಲ್ಲ, ಯಾವುದು ದಂಡವಾಯಿತು ಅನ್ನುವುದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತು. ಡೈರೆಕ್ಟರ್ ಕೊನೆಗೆ ಮಾತಾಡಲಿ. ಯಾರ ತಪ್ಪು ಅಂತ ಹುಡುಕಲು ಹೊರಟರೆ ಅಲ್ಲಿಗೆ ಮೀಟಿಂಗ್ ಮುಗಿಯಿತು. ಎರಡು ಕಾಲಂ ಎಲ್ಲೆಲ್ಲಿ ಬೇರೆಯಾಯಿತು, ಯಾಕೆ ಅನ್ನುವುದಷ್ಟೇ ಪ್ರಶ್ನೆ. ಬೇರೆಯಾದದ್ದೆಲ್ಲ ಕೆಟ್ಟದ್ದೂ ಅಲ್ಲ. ನಿಜವಾದ ಬಸ್ಸೊಂದು ಬೇಗ ಬಂದು ಶಾಟಿನಲ್ಲಿ ಸೇರಿಕೊಂಡು ಸೀನ್ ಎದ್ದು ನಿಂತಿರಬಹುದು. ಅದನ್ನೂ ಬರೆದುಕೊಳ್ಳಿ.

ಪ್ರಾಜೆಕ್ಟ್ ರಿಪೋರ್ಟಿಗೆ ಬೇಕಾದ್ದು ಇದೇ. ‘ತುಂಬಾ ಕಲಿತೆವು, ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು’ ಅನ್ನುವ ಪುಟವನ್ನು ಯಾವ ಮೇಷ್ಟ್ರೂ ಓದುವುದಿಲ್ಲ. ಹನ್ನೊಂದು ಶಾಟ್ ಅಂದುಕೊಂಡ ದಿನ ಆರೇ ಯಾಕಾಯಿತು ಅನ್ನುವುದನ್ನು ಓದುತ್ತಾರೆ. ರಿಪೋರ್ಟ್ ಕೊಟ್ಟ ಮೇಲೂ ಮೂಲ ಕ್ಲಿಪ್‌ಗಳನ್ನು ಅಳಿಸಬೇಡಿ. ಫೆಸ್ಟಿವಲ್‌ಗೆ ಕಳಿಸುವಾಗ ಸಬ್‌ಟೈಟಲ್ ಹಾಕಲು, ಉದ್ದ ಕಡಿಮೆ ಮಾಡಲು ಮತ್ತೆ ಬೇಕಾಗುತ್ತವೆ. ಹಾರ್ಡ್ ಡಿಸ್ಕ್ ಯಾರ ಮನೆಯಲ್ಲಿದೆ ಅಂತ ಶೀಟಿನ ಕೊನೆಯ ಸಾಲಿನಲ್ಲಿ ಬರೆದು, ಶೀಟನ್ನು ಜೂನಿಯರ್‌ಗಳಿಗೆ ಶೇರ್ ಮಾಡಿ.