ಡಿಸೆಂಬರ್‌ನಲ್ಲೇ ಹೈಸ್ಕೂಲ್ ಮುಗಿಸಬೇಕೆಂದಿರುವ ಕ್ವಾರ್ಟರ್‌ಬ್ಯಾಕ್ ಹುಡುಗನ ಮನೆಯವರಿಗೆ

ನಾನು ಅಮೆರಿಕದ ಟೆಕ್ಸಸ್ ರಾಜ್ಯದ ಡಾಲಸ್‌ನ ಉತ್ತರಕ್ಕಿರುವ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ (ಇಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿ) 14 ವರ್ಷಗಳಿಂದ ಕೌನ್ಸೆಲರ್ ಆಗಿದ್ದೇನೆ. ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ. ಯಾವ ಮಗು ಯಾವ ವರ್ಷ ಯಾವ ಪಾಠ ತೆಗೆದುಕೊಳ್ಳಬೇಕು, ಹೈಸ್ಕೂಲ್ ಪದವಿಗೆ ಇನ್ನೆಷ್ಟು ಕ್ರೆಡಿಟ್ (ವರ್ಷವಿಡೀ ಒಂದು ಪಾಠ ಮುಗಿಸಿದರೆ ಒಂದು ಕ್ರೆಡಿಟ್) ಬಾಕಿ ಇದೆ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಹಿಂದೊಮ್ಮೆ ಹಾಸನದ ಕಡೆಯ ಒಬ್ಬ ತಾಯಿ ರಾತ್ರಿ ಹತ್ತು ಗಂಟೆಗೆ ಕರೆ ಮಾಡಿದರು. ಅವರ ಮಗ ಬೇರೆ ಶಾಲೆಯಲ್ಲಿ ಹನ್ನೊಂದನೆಯ ತರಗತಿಯಲ್ಲಿದ್ದ, ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿಯನ್ನು ನಡೆಸುವವನು. "ಅಕ್ಕ, ಮಗ ಡಿಸೆಂಬರ್‌ಗೆ ಹೈಸ್ಕೂಲ್ ಮುಗಿಸಿ ಜನವರಿಗೇ ಬಂದುಬಿಡಲಿ ಎಂದು ಕಾಲೇಜಿನ ಕೋಚ್ ಹೇಳುತ್ತಿದ್ದಾರೆ. ಯಾರನ್ನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು, ಒಂದೂ ತಿಳಿಯುತ್ತಿಲ್ಲ" ಎಂದರು. ಅಂದು ಅವರಿಗೆ ಫೋನಿನಲ್ಲಿ ಹೇಳಿದ್ದನ್ನೂ, ಆಮೇಲೆ ಒಂದು ವರ್ಷ ಜೊತೆಗಿದ್ದು ಮಾಡಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಪದವಿಯ ಲೆಕ್ಕ ಟೆಕ್ಸಸ್‌ನದು. ಬೇರೆ ರಾಜ್ಯದವರು ಅಷ್ಟನ್ನು ತಮ್ಮ ಶಾಲೆಯಲ್ಲಿ ಕೇಳಿಕೊಳ್ಳಬೇಕು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮ ಮಾತ್ರ ಎಲ್ಲ ಕಡೆಯೂ ಒಂದೇ.

ಕೋಚ್‌ಗಳು ಜನವರಿಗೆ ಏಕೆ ಕರೆಯುತ್ತಾರೆ? ಹೈಸ್ಕೂಲ್ ಮುಗಿಯುವುದು ಮೇ ಕೊನೆಗೆ. ಕಾಲೇಜು ತಂಡಗಳ ವಸಂತದ ಅಭ್ಯಾಸ ಅದಕ್ಕೂ ಮೊದಲೇ ಮುಗಿದಿರುತ್ತದೆ. ಆ ಅಭ್ಯಾಸ ಇರುವುದೇ 15 ದಿನ. ಬೇರೆ ಆಟಗಾರ ತನ್ನ ಒಂದು ಕೆಲಸ ಕಲಿತರೆ ಸಾಕು. ಕ್ವಾರ್ಟರ್‌ಬ್ಯಾಕ್ ಹನ್ನೊಂದು ಜನರ ಕೆಲಸವನ್ನೂ ತಿಳಿದಿರಬೇಕು. ಎದುರಾಳಿಯ ರಕ್ಷಣೆಯನ್ನು ಕಣ್ಣಿನಲ್ಲೇ ಅಳೆದು, ಕೆಲವೇ ಸೆಕೆಂಡುಗಳಲ್ಲಿ ಆಟವನ್ನು ಬದಲಿಸಿ ಕೂಗಿ ಹೇಳಬೇಕು. ಜೂನ್‌ನಲ್ಲಿ ಬಂದವನಿಗೆ ಆಗಸ್ಟ್ ಒಳಗೆ ಇದೆಲ್ಲ ನಾಲಿಗೆಗೆ ಹತ್ತುವುದು ಕಷ್ಟ. ಜನವರಿಯಲ್ಲಿ ಬಂದವನಿಗೆ ಐದು ತಿಂಗಳು ಹೆಚ್ಚು ಸಿಗುತ್ತದೆ. ಇದು ನಿಜವಾದ ಲಾಭ, ಕೋಚ್‌ಗಳು ಸುಮ್ಮನೆ ಹೇಳುವ ಮಾತಲ್ಲ.

ಫಲ ಮಾತ್ರ ಎಲ್ಲರಿಗೂ ಒಂದೇ ರೀತಿ ಸಿಕ್ಕಿಲ್ಲ. ಟ್ರೆವರ್ ಲಾರೆನ್ಸ್ 2018ರ ಜನವರಿಯಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯ ಸೇರಿದ. ಆ ಋತುವಿನ ಐದನೆಯ ಪಂದ್ಯಕ್ಕೇ ಮೊದಲ ಕ್ವಾರ್ಟರ್‌ಬ್ಯಾಕ್, ಅಂದರೆ ಪಂದ್ಯದ ಆರಂಭದಿಂದಲೇ ಆಡುವವನು, ಆದ. ಮರುವರ್ಷ ಜನವರಿಯಲ್ಲಿ ಅಲಬಾಮಾವನ್ನು 44-16ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಎಲ್ಲರೂ ಹೇಳುವುದು ಈ ಕಥೆಯನ್ನೇ. ಬ್ರೈಸ್ ಯಂಗ್ 2020ರ ಜನವರಿಯಲ್ಲಿ ಅಲಬಾಮಾ ವಿಶ್ವವಿದ್ಯಾಲಯ ಸೇರಿದ. ಆ ವಸಂತದ ಅಭ್ಯಾಸವೇ ಕೋವಿಡ್‌ನಿಂದ ರದ್ದಾಯಿತು. ಒಂದು ಋತು ಇನ್ನೊಬ್ಬನ ಹಿಂದೆ ಕುಳಿತು ಕಾದ, 2021ರಲ್ಲಿ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಪಡೆದ. ಆರ್ಚ್ ಮ್ಯಾನಿಂಗ್ 2023ರ ಜನವರಿಯಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಬಂದ. ಮನೆತನವೇ ಕ್ವಾರ್ಟರ್‌ಬ್ಯಾಕ್‌ಗಳ ಮನೆತನ. ಆದರೂ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಸ್ಥಾನ ಅವನದಾದದ್ದು 2025ರಲ್ಲಿ. ಆ ಎರಡು ವರ್ಷ ಅವನ ಮುಂದಿದ್ದವನು ಕ್ವಿನ್ ಯೂವರ್ಸ್, ನಮ್ಮ ಪಕ್ಕದ ಸೌತ್‌ಲೇಕ್‌ನ ಹುಡುಗ.

ಯೂವರ್ಸ್ ಮಾಡಿದ್ದು ಬೇರೆಯದೇ ಕೆಲಸ. ಜನ ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಅವನು ಹೈಸ್ಕೂಲಿನ ಕೊನೆಯ ವರ್ಷವನ್ನೇ ಪೂರ್ತಿ ಬಿಟ್ಟು 2021ರ ಆಗಸ್ಟ್‌ನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ. ಆ ಋತುವಿನಲ್ಲಿ ಅಲ್ಲಿ ಒಂದು ಪಾಸ್ ಕೂಡ ಎಸೆಯಲಿಲ್ಲ. ಡಿಸೆಂಬರ್‌ನಲ್ಲಿ ತಂಡ ಬದಲಿಸಿ ಟೆಕ್ಸಸ್‌ಗೆ ಮರಳಿದ. ಡಿಸೆಂಬರ್‌ನಲ್ಲಿ ಮುಗಿಸುವವನು ಹೈಸ್ಕೂಲಿನ ಕೊನೆಯ ಫುಟ್‌ಬಾಲ್ ಋತುವನ್ನು ಪೂರ್ತಿ ಆಡಿಯೇ ಹೋಗುತ್ತಾನೆ. ವರ್ಷವನ್ನೇ ಹಾರಿಸಿ ಹೋಗುವವನು ಅದನ್ನು ಕಳೆದುಕೊಳ್ಳುತ್ತಾನೆ. ಹದಿನೇಳರ ಕ್ವಾರ್ಟರ್‌ಬ್ಯಾಕ್‌ಗೆ ತನ್ನದೇ ತಂಡವನ್ನು ಇನ್ನೊಂದು ಋತು ನಡೆಸುವುದಕ್ಕಿಂತ ದೊಡ್ಡ ಪಾಠ ಇಲ್ಲ. ಆದ್ದರಿಂದ ವರ್ಷವನ್ನೇ ಬಿಡಿಸುವ ಮಾತು ಬಂದರೆ ಬೇಡ ಎನ್ನುವುದು ನನ್ನ ಸಲಹೆ.

ಮೊದಲು ಮಗನ ಹತ್ತಿರ ಕುಳಿತು ಒಂದೇ ಪ್ರಶ್ನೆ ಕೇಳಿ: "ಎರಡು ವರ್ಷ ಬೆಂಚಿನ ಮೇಲೆ ಕುಳಿತರೂ ಆ ಕಾಲೇಜು ನಿನಗೆ ಇಷ್ಟವೇ?" ತಂಡ ಬದಲಿಸುವ ಆಟಗಾರರು ಹೆಸರು ಕೊಡುವ ಪೋರ್ಟಲ್ ತೆರೆಯುವುದೂ ಈಗ ಜನವರಿಯಲ್ಲೇ. ನಿಮ್ಮ ಮಗ ಹೋಗಿ ಇಳಿಯುವ ವಾರವೇ ಇಪ್ಪತ್ತೆರಡು ವಯಸ್ಸಿನ ಅನುಭವಿ ಕ್ವಾರ್ಟರ್‌ಬ್ಯಾಕ್ ಒಬ್ಬ ಬಂದು ಇಳಿಯಬಹುದು. ಹುಡುಗ ಉತ್ತರಿಸಲು ಒಂದು ವಾರ ತೆಗೆದುಕೊಂಡರೂ ಸರಿ, ಕಾಯಿರಿ.

ಹೌದು ಎಂದರೆ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಇನ್ನು ಮುಂದೆ ಎಲ್ಲವೂ ಲೆಕ್ಕ.

ಟೆಕ್ಸಸ್‌ನಲ್ಲಿ ಹೈಸ್ಕೂಲ್ ಪದವಿಗೆ ಕನಿಷ್ಠ 22 ಕ್ರೆಡಿಟ್ ಬೇಕು. ಹೆಚ್ಚಿನ ಮಕ್ಕಳು ಎಂಡೋರ್ಸ್‌ಮೆಂಟ್ (ಆರಿಸಿಕೊಂಡ ಒಂದು ಕ್ಷೇತ್ರದಲ್ಲಿ ಹೆಚ್ಚಿನ ಓದು) ಸೇರಿಸಿ ತೆಗೆದುಕೊಳ್ಳುವ ದಾರಿಯಲ್ಲಿ 26. ದಿನಕ್ಕೆ ಏಳು ತರಗತಿಗಳಿರುವ ಶಾಲೆಯಾದರೆ ವರ್ಷಕ್ಕೆ 7 ಕ್ರೆಡಿಟ್, ಮೂರೂವರೆ ವರ್ಷಕ್ಕೆ 24.5. ಅಂದರೆ 26ಕ್ಕೆ ಒಂದೂವರೆ ಕಡಿಮೆ. ಈ ಒಂದೂವರೆಯನ್ನು ಬೇಸಿಗೆ ತರಗತಿಯಲ್ಲಿ ತುಂಬಿಸಬೇಕು. ಎಂಟು ತರಗತಿಗಳ ಶಾಲೆಯಲ್ಲಿ 28 ಆಗುತ್ತದೆ, ಬೇಸಿಗೆಯ ಅಗತ್ಯ ಕಡಿಮೆ. ಎಂಡೋರ್ಸ್‌ಮೆಂಟ್ ಬಿಟ್ಟು 22ಕ್ಕೇ ಇಳಿಯುವ ದಾರಿಯೂ ಇದೆ, ಅದಕ್ಕೆ ಪೋಷಕರ ಸಹಿ ಬೇಕು. ಅವಸರದಲ್ಲಿ ಆ ಸಹಿ ಹಾಕಬೇಡಿ. ನಾಳೆ ಭುಜಕ್ಕೆ ಪೆಟ್ಟಾಗಿ ಆಟ ನಿಂತರೆ ಹುಡುಗನ ಕೈಯಲ್ಲಿ ಉಳಿಯುವುದು ಓದು ಮಾತ್ರ.

ಒಟ್ಟು ಸರಿಹೋದರೂ ಮೂರು ವಿಷಯಗಳು ಕಾಲಿಗೆ ತೊಡರುತ್ತವೆ: ನಾಲ್ಕನೆಯ ವರ್ಷದ ಇಂಗ್ಲಿಷ್, ಅಮೆರಿಕ ಸರ್ಕಾರ, ಅರ್ಥಶಾಸ್ತ್ರ. ಕೊನೆಯ ಎರಡು ಅರ್ಧರ್ಧ ಕ್ರೆಡಿಟ್‌ನವು. ಸಾಮಾನ್ಯವಾಗಿ ಒಂದು ಶರತ್ಕಾಲದ (ಆಗಸ್ಟ್-ಡಿಸೆಂಬರ್) ಸೆಮಿಸ್ಟರ್‌ನಲ್ಲಿ, ಇನ್ನೊಂದು ವಸಂತದ (ಜನವರಿ-ಮೇ) ಸೆಮಿಸ್ಟರ್‌ನಲ್ಲಿ ನಡೆಯುತ್ತದೆ. ಇಂಗ್ಲಿಷ್‌ನ ಎರಡನೆಯ ಅರ್ಧವೂ ವಸಂತಕ್ಕೇ ಬೀಳುತ್ತದೆ. ನಿಮ್ಮ ಮಗ ವಸಂತದಲ್ಲಿ ಶಾಲೆಯಲ್ಲೇ ಇರುವುದಿಲ್ಲ. ಆದ್ದರಿಂದ ಹನ್ನೊಂದನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಇಂಗ್ಲಿಷ್‌ನ ಒಂದು ಅರ್ಧ ಮತ್ತು ಅರ್ಥಶಾಸ್ತ್ರ ಮುಗಿಸಿಬಿಡುವುದು ಒಳ್ಳೆಯದು. ರಾಜ್ಯದ ಕೋರ್ಸ್ ಕೊನೆಯ ಪರೀಕ್ಷೆಗಳಲ್ಲಿ ಯಾವುದಾದರೂ ಬಾಕಿ ಇದ್ದರೆ ಅದನ್ನೂ ಆಗಲೇ ನೋಡಿಕೊಳ್ಳಿ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ, ಅದು ಎನ್‌ಸಿಎಎಯದು. ಮೊದಲ ದರ್ಜೆಯ ಕಾಲೇಜು ತಂಡದಲ್ಲಿ ಆಡಲು 16 ಮುಖ್ಯ ವಿಷಯಗಳು ಬೇಕು: ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಈ ಮೂರರಲ್ಲೇ ಹೆಚ್ಚುವರಿಯಾಗಿ 1, ಸಮಾಜ ವಿಜ್ಞಾನ 2, ಉಳಿದ 4 ಇವುಗಳಿಂದಲೋ ವಿದೇಶಿ ಭಾಷೆಯಂಥ ವಿಷಯದಿಂದಲೋ. ಇವುಗಳ ಅಂಕದ ಸರಾಸರಿ 4ಕ್ಕೆ ಕನಿಷ್ಠ 2.3 ಇರಬೇಕು. ಏಳನೆಯ ಸೆಮಿಸ್ಟರ್, ಅಂದರೆ ಹನ್ನೆರಡನೆಯ ತರಗತಿ, ಶುರುವಾಗುವ ಮೊದಲೇ 10 ವಿಷಯಗಳು ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವು. ಆ ಹತ್ತರ ಅಂಕ ಅಲ್ಲಿಗೇ ಗಟ್ಟಿಯಾಗುತ್ತದೆ, ಮತ್ತೆ ಓದಿ ಏರಿಸಲು ಬರುವುದಿಲ್ಲ. ಫುಟ್‌ಬಾಲ್ ತರಗತಿ ಶಾಲೆಯ ಕ್ರೆಡಿಟ್‌ಗೆ ಬರುತ್ತದೆ, ಇದಕ್ಕೆ ಬರುವುದಿಲ್ಲ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನು ಎನ್‌ಸಿಎಎ 2023ರಿಂದ ಕೇಳುತ್ತಿಲ್ಲ. ವಿಶ್ವವಿದ್ಯಾಲಯ ಕೇಳಬಹುದು, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ ಕೇಳುತ್ತದೆ.

ಇಲ್ಲಿ ನನ್ನ ಮೇಜಿನ ಮೇಲೆ ನಡೆದದ್ದೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್‌ನ ಒಂದು ಮಧ್ಯಾಹ್ನ ಒಬ್ಬ ಹುಡುಗನ ಅಂಕಪಟ್ಟಿ ಹರಡಿಕೊಂಡು ಕುಳಿತಿದ್ದೆ. ಸ್ಕೇಲ್ ಇಟ್ಟು ಸಾಲು ಸಾಲಾಗಿ ಟಿಕ್ ಹಾಕುತ್ತಾ ಬಂದೆ. ಹದಿನೈದು ಆಯಿತು. ಹದಿನಾರನೆಯದು ಸ್ಪ್ಯಾನಿಷ್. ಅದರ ಮುಂದೆ ಅಂಕದ ಪಕ್ಕ ಎರಡು ಪುಟ್ಟ ಅಕ್ಷರಗಳ ಗುರುತು ಇತ್ತು. ಪಾಠಕ್ಕೆ ಕೂರದೆ, ಪರೀಕ್ಷೆ ಬರೆದು ಮಾತ್ರ ಪಡೆದ ಕ್ರೆಡಿಟ್ ಅದು. ಟೆಕ್ಸಸ್ ಅದನ್ನು ಒಪ್ಪುತ್ತದೆ, ಎನ್‌ಸಿಎಎ ಒಪ್ಪುವುದಿಲ್ಲ. ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕೈಬೆರಳುಗಳಿಗೆ ಸುತ್ತಿದ ಬಿಳಿಯ ಟೇಪು ಇನ್ನೂ ಹಾಗೇ ಇತ್ತು, ಅಭ್ಯಾಸದಿಂದ ನೇರ ಬಂದಿದ್ದ. ಆ ಗುರುತನ್ನು ನಾನು ಒಂದು ವರ್ಷ ಮೊದಲೇ ನೋಡಬೇಕಿತ್ತು. ಸೆಮಿಸ್ಟರ್ ಶುರುವಾಗಿ ಮೂರು ವಾರ ಆಗಿದ್ದರೂ ಶಾಲೆಯನ್ನು ಬೇಡಿಕೊಂಡು ಅವನನ್ನು ಒಪ್ಪಿಗೆಯಿರುವ ಒಂದು ಸಮಾಜ ವಿಜ್ಞಾನದ ತರಗತಿಗೂ, ಸಂಜೆಯ ಇನ್ನೊಂದು ಅರ್ಧ ಕ್ರೆಡಿಟ್‌ಗೂ ಸೇರಿಸಿದೆವು. ಶುಕ್ರವಾರ ಆಟ, ಶನಿವಾರ ಬೆಳಿಗ್ಗೆ ಹಿಂದೆ ಬಿದ್ದ ಪಾಠ. ಹುಡುಗ ಮುಗಿಸಿದ. ಯಾವ ಮಗುವಿಗೂ ಆ ಮೂರು ತಿಂಗಳು ಬರಬಾರದು.

ಆದ್ದರಿಂದ ಒಂಬತ್ತನೆಯ ತರಗತಿಯಲ್ಲೇ ಆಟಗಾರರ ಅರ್ಹತೆ ನೋಡುವ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನ ತಾಣಕ್ಕೆ ಹೋಗಿ, ನಿಮ್ಮ ಶಾಲೆಯ ಆರು ಅಂಕಿಯ ಕೋಡ್ ಹಾಕಿ, ಆ ಶಾಲೆಯಲ್ಲಿ ಒಪ್ಪಿಗೆ ಪಡೆದ ಕೋರ್ಸ್‌ಗಳ ಪಟ್ಟಿ ತೆಗೆಯಿರಿ. ಮಗನ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟು ಹೆಸರಿಗೆ ಹೆಸರು ಹೊಂದಿಸಿ. ಆನ್‌ಲೈನ್ ಕೋರ್ಸ್ ಆದರೆ ಶಿಕ್ಷಕರೊಡನೆ ನಿಯಮಿತ ಸಂಪರ್ಕ ಇದೆಯೇ, ಇಷ್ಟು ಅವಧಿ ಎಂದು ಗೊತ್ತುಮಾಡಿದ್ದಾರೆಯೇ ಎಂದು ಹಣ ಕಟ್ಟುವ ಮೊದಲು ಕೇಳಿ. ಎರಡು ವಾರದಲ್ಲಿ ಒಂದು ವರ್ಷದ ಪಾಠ ಮುಗಿಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ.

ಹನ್ನೆರಡನೆಯ ತರಗತಿಯ ಶರತ್ಕಾಲ ಬಿರುಸಾಗಿ ಓಡುತ್ತದೆ. ಬೇಗ ಮುಗಿಸುತ್ತೇವೆ ಎಂಬ ಅರ್ಜಿಯನ್ನು ಶಾಲೆಗೆ ಅದಕ್ಕೂ ಮೊದಲೇ, ಹನ್ನೊಂದರ ವಸಂತದಲ್ಲೇ ಕೊಟ್ಟಿರಬೇಕು. ಕಾಲೇಜಿಗೆ ಅರ್ಜಿ ಹಾಕುವಾಗ ಸ್ಪ್ರಿಂಗ್ ಪ್ರವೇಶ ಎಂದೇ ಗುರುತು ಮಾಡಿ, ಅದರ ಕೊನೆಯ ದಿನಾಂಕ ಬೇರೆಯೇ ಇರುತ್ತದೆ. ಎಲಿಜಿಬಿಲಿಟಿ ಸೆಂಟರ್‌ನಲ್ಲಿ ಹವ್ಯಾಸಿ ಆಟಗಾರನೆಂಬ ಅಂತಿಮ ದೃಢೀಕರಣವನ್ನು ಅಕ್ಟೋಬರ್ 1ರಿಂದ ಕೇಳಬಹುದು. ಕಾಲೇಜು ತಂಡ ಸೇರುವ ಒಪ್ಪಂದಕ್ಕೆ ಸಹಿ ಮಾಡುವ ಅವಧಿ ಡಿಸೆಂಬರ್‌ನ ಮೊದಲ ಬುಧವಾರ ಶುರು. ಪ್ಲೇಆಫ್‌ನಲ್ಲಿ (ಸೋತವರು ಹೊರಬೀಳುವ ಹೈಸ್ಕೂಲ್ ಋತುವಿನ ಕೊನೆಯ ಸುತ್ತುಗಳಲ್ಲಿ) ತಂಡ ಗೆಲ್ಲುತ್ತಾ ಹೋದರೆ ದೊಡ್ಡ ಶಾಲೆಗಳಿಗೆ ಒಟ್ಟು 16 ಪಂದ್ಯ, ಕೊನೆಯದು ಡಿಸೆಂಬರ್ ನಡುವಿನಲ್ಲಿ ಆರ್ಲಿಂಗ್ಟನ್‌ನಲ್ಲಿ. ಸೆಮಿಸ್ಟರ್ ಪರೀಕ್ಷೆಯೂ ಹೆಚ್ಚುಕಡಿಮೆ ಆ ವಾರವೇ. ಶಿಕ್ಷಕರ ಬಳಿ ಅಕ್ಟೋಬರ್‌ನಲ್ಲೇ ಮಾತಾಡಿ ಪರೀಕ್ಷೆಯ ದಿನ ಗೊತ್ತುಮಾಡಿಕೊಳ್ಳಿ. ಪದವಿಯ ದಿನಾಂಕ ನಮೂದಿಸಿದ ಅಂತಿಮ ಅಂಕಪಟ್ಟಿ ರಜೆಗೆ ಮುನ್ನ ಹೊರಡಬೇಕು. ಶಾಲೆಯ ಕಚೇರಿ ಕ್ರಿಸ್‌ಮಸ್‌ಗೆ ಬಾಗಿಲು ಹಾಕಿದರೆ ಜನವರಿಯವರೆಗೆ ತೆರೆಯುವುದಿಲ್ಲ. ಆ ದಿನ ನೀವೇ ಖುದ್ದಾಗಿ ಹೋಗಿ ನಿಂತು ಕಳುಹಿಸಿಕೊಂಡು ಬನ್ನಿ.

ಹಣದ ಕಾಗದದ ವಿಷಯ. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಹದಿನೇಳರ ಹುಡುಗನ ಕರಾರಿಗೆ ನಿಮ್ಮ ಸಹಿಯನ್ನೂ ಕೇಳುತ್ತಾರೆ. ವಕೀಲರಿಗೆ ತೋರಿಸದೆ ಹಾಕಬೇಡಿ. ನಮ್ಮವರಲ್ಲಿ ಗ್ರೀನ್ ಕಾರ್ಡ್‌ಗಾಗಿ ಕಾಯುತ್ತಿರುವ ಮನೆಗಳು ಬಹಳ. ಮಗ ಎಚ್-4 ವೀಸಾದಲ್ಲಿದ್ದರೆ (ಎಚ್-1ಬಿಯಲ್ಲಿ ಕೆಲಸ ಮಾಡುವವರ ಮನೆಯವರ ವೀಸಾ) ಓದಬಹುದು, ದುಡಿಯುವ ಅನುಮತಿ ಇಲ್ಲ. ಯಾವ ಹಣ ದುಡಿಮೆ ಎನಿಸಿಕೊಳ್ಳುತ್ತದೆ ಎಂಬುದನ್ನು ಕೋಚ್ ಹೇಳಲಾರರು, ವಲಸೆ ವಕೀಲರನ್ನೇ ಕೇಳಬೇಕು. 21 ತುಂಬಿದ ಮೇಲೆ ಆ ವೀಸಾ ಉಳಿಯುವುದಿಲ್ಲ ಎಂಬುದನ್ನೂ ಮೊದಲ ಭೇಟಿಯಲ್ಲೇ ಎತ್ತಿ. ಹಾಸನದ ಆ ತಾಯಿಗೆ ನಾನು ಕೊಟ್ಟ ಸಲಹೆಗಳಲ್ಲಿ ಅವರ ಮನೆಯನ್ನು ನಿಜವಾಗಿ ಕಾಪಾಡಿದ್ದು ಇದೊಂದೇ.

ಇನ್ನೂ 18 ತುಂಬದ ಹುಡುಗ ಹಾಸ್ಟೆಲ್‌ಗೆ ಹೋಗುತ್ತಿದ್ದಾನೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ. ಅಭ್ಯಾಸದಲ್ಲಿ ಮೊಣಕಾಲು ತಿರುಚಿದರೆ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕಾಗುತ್ತದೆ. ಸಹಿ ಮಾಡಿದ ಒಪ್ಪಿಗೆ ಪತ್ರ ತಂಡದ ವೈದ್ಯರ ಬಳಿ ಒಂದು, ಹುಡುಗನ ಬಳಿ ಒಂದು ಇರಲಿ, ವಿಮೆಯ ಕಾರ್ಡಿನ ಪ್ರತಿಯೂ ಜೊತೆಗಿರಲಿ. ಅತ್ತ ಕಾಲೇಜು ಸೇರಿದ ದಿನದಿಂದಲೇ ಅವನ ಓದಿನ ದಾಖಲೆಗಳ ಹಕ್ಕು, ವಯಸ್ಸು ಎಷ್ಟೇ ಇರಲಿ, ಅವನಿಗೇ ಹೋಗುತ್ತದೆ. ನಿಮಗೂ ಅಂಕ ತಿಳಿಯಬೇಕಾದರೆ ಅವನಿಂದ ಅನುಮತಿ ಪತ್ರ ಬರೆಸಿಕೊಳ್ಳಿ. ಟೆಕ್ಸಸ್‌ನ ಕಾಲೇಜಾದರೆ ಮೆನಿಂಜೈಟಿಸ್ ಲಸಿಕೆಯನ್ನು ಸೆಮಿಸ್ಟರ್‌ಗೆ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು.

ಡಿಸೆಂಬರ್ ಕೊನೆಯ ಎರಡು ವಾರ ಹುಡುಗನ ದೇಹಕ್ಕೆ ಬಿಡುವು ಕೊಡಿ. ಆಗಸ್ಟ್‌ನಿಂದ ಪೆಟ್ಟು ತಿಂದ ಮೈ ಅದು. ಭುಜಕ್ಕೆ ವಿಶ್ರಾಂತಿ ಇರಲಿ, ನಾಲಿಗೆಗೆ ಕೆಲಸ ಇರಲಿ. ಹೊಸ ತಂಡ ಪ್ಲೇಬುಕ್ (ತಂಡದ ಆಟಗಳನ್ನು ಬರೆದಿಟ್ಟ ಪುಸ್ತಕ) ಕೊಟ್ಟಿದ್ದರೆ ಒಂದೊಂದು ಆಟವನ್ನು ಕಾರ್ಡಿನ ಮೇಲೆ ಬರೆಸಿ. ನೀವು ಹೆಸರು ಓದಿ, ಅವನು ಎದ್ದು ನಿಂತು ಹನ್ನೊಂದೂ ಜನರ ಜಾಗವನ್ನು ಗಟ್ಟಿಯಾಗಿ ಹೇಳಲಿ. ಫುಟ್‌ಬಾಲ್ ಅರ್ಥವಾಗದ ಅಜ್ಜಿಯೂ ಕಾರ್ಡ್ ಹಿಡಿದು ಕೂರಬಹುದು. ಹಾಸನದ ಆ ತಾಯಿಯ ಮನೆಯಲ್ಲಿ ಹಾಗೆಯೇ ಆಯಿತು. ಬೆಂಗಳೂರಿನಿಂದ ಬಂದಿದ್ದ ಅಜ್ಜಿ ಊಟದ ಮೇಜಿನ ಮೇಲೆ ದಿನಕ್ಕೆ ಇಪ್ಪತ್ತು ಕಾರ್ಡ್ ಎಣಿಸಿ ಇಡುತ್ತಿದ್ದರು. ಮೊಮ್ಮಗ ತಡವರಿಸಿದ್ದನ್ನು ಬೇರೆ ಮಾಡಿ ಮರುದಿನಕ್ಕೆ ಎತ್ತಿಡುತ್ತಿದ್ದರು.

ಹುಡುಗ ಕಳೆದುಕೊಳ್ಳುವುದೂ ಇದೆ. ವಸಂತದ ಬೇಸ್‌ಬಾಲ್ ಇಲ್ಲ, ಟ್ರ್ಯಾಕ್ ಇಲ್ಲ, ಗೆಳೆಯರ ಜೊತೆಗಿನ ಕೊನೆಯ ನಾಲ್ಕು ತಿಂಗಳಿಲ್ಲ. ಅದನ್ನು ಸಣ್ಣದೆಂದು ಅವನ ಮುಂದೆ ಹೇಳಬೇಡಿ. ಪ್ರಾಮ್ ಎಂಬ ಶಾಲೆಯ ನೃತ್ಯಕೂಟಕ್ಕೆ, ಮೇ ತಿಂಗಳ ಪದವಿ ಸಮಾರಂಭಕ್ಕೆ ಬರಲು ಅನೇಕ ಶಾಲೆಗಳು ಬಿಡುತ್ತವೆ, ಕೇಳಿದರೆ ಮಾತ್ರ. ಗೌನು, ಟೋಪಿಯ ಅಳತೆಯನ್ನು ಶರತ್ಕಾಲದಲ್ಲೇ ಕೊಟ್ಟಿಡಿ, ಸಮಾರಂಭದ ದಿನಾಂಕವನ್ನು ಕಾಲೇಜಿನ ಕೋಚ್‌ಗೆ ಜನವರಿಯಲ್ಲೇ ಬರೆದು ತಿಳಿಸಿ, ಅವನ ಹೆಸರು ಪಟ್ಟಿಯಲ್ಲಿದೆಯೇ ಎಂದು ಏಪ್ರಿಲ್‌ನಲ್ಲಿ ಶಾಲೆಗೆ ಇನ್ನೊಮ್ಮೆ ಫೋನ್ ಮಾಡಿ.