ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಪರಿಹಾರ ಕೇಳಿದ ಅನುಭವ

ಕಾರ್ಖಾನೆಯಲ್ಲಿ ದುರಂತ ನಡೆದ ಮರುದಿನ ಎಲ್ಲರ ಬಾಯಲ್ಲೂ ಮೊತ್ತದ ಮಾತು. ಸರ್ಕಾರ ಇಷ್ಟು ಲಕ್ಷ ಎನ್ನುತ್ತದೆ, ಆಡಳಿತ ಮಂಡಳಿ ಅದಕ್ಕೆ ಇನ್ನಷ್ಟು ಸೇರಿಸುತ್ತದೆ, ಎರಡೂ ಮರುದಿನದ ಪತ್ರಿಕೆಯಲ್ಲಿ ಬರುತ್ತವೆ. ಕಾರ್ಮಿಕರ ಪರ ವಾದಿಸುವ ವಕೀಲನಾಗಿ ನಾನು ಮೊದಲು ಹುಡುಕುವುದು ಬೇರೆ ಎರಡು ಸಂಗತಿಗಳನ್ನು. ಆ ಪಾಳಿಯಲ್ಲಿ ಒಳಗಿದ್ದವರು ಯಾರು? ಅವರಿಗೆ ನಿಜವಾಗಿ ಸಿಗುತ್ತಿದ್ದ ಸಂಬಳ ಎಷ್ಟು? ಇವೆರಡಕ್ಕೂ ಪುರಾವೆ ಇದ್ದರೆ ಪರಿಹಾರವನ್ನು ಹಕ್ಕಿನಿಂದ ಕೇಳಬಹುದು. ಇಲ್ಲದಿದ್ದರೆ ಕುಟುಂಬದ ಕೈಗೆ ಬರುವುದು ಯಾರೋ ಮನಸ್ಸು ಮಾಡಿ ಕೊಟ್ಟಷ್ಟೇ.

ದ್ರಾವಕ ತಯಾರಿಸುವ ಘಟಕವೊಂದರಲ್ಲಿ ರಿಯಾಕ್ಟರ್ ಸಿಡಿದು ಬೆಂಕಿ ಹೊತ್ತಿಕೊಂಡ ಪ್ರಕರಣ ಅದು. ಸತ್ತವರು ಮತ್ತು ಸುಟ್ಟ ಗಾಯಗಳಾದವರಲ್ಲಿ ಹೆಚ್ಚಿನವರು ಗುತ್ತಿಗೆ ಕಾರ್ಮಿಕರು, ಹೊರ ರಾಜ್ಯಗಳಿಂದ ಬಂದವರು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ಗುತ್ತಿಗೆದಾರ ಇಡುವ ಕಾರ್ಮಿಕರ ಪಟ್ಟಿಯಾದ ಮಸ್ಟರ್ ರೋಲ್‌ನಲ್ಲಿ ಕೆಲವರ ಹೆಸರಿತ್ತು, ಸಂಬಳದ ಕಾಲಂನಲ್ಲಿ 8,000 ಎಂದು ಬರೆದಿತ್ತು. ಅಷ್ಟು ಕಡಿಮೆ ಸಂಬಳಕ್ಕೆ ಊರು ಬಿಟ್ಟು ಬಂದು ಹನ್ನೆರಡು ಗಂಟೆಯ ಪಾಳಿ ದುಡಿಯುವವರು ಯಾರೂ ಇಲ್ಲ ಎಂಬುದು ಆ ಪ್ರದೇಶದಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಎಲ್ಲರಿಗೂ ಗೊತ್ತಿರುವುದು ಸಾಕ್ಷ್ಯವಾಗುವುದಿಲ್ಲ.

ಪುರಾವೆ ಕೂಡಿಸಿದ್ದು ಕಾರ್ಖಾನೆಯ ಹೊರಗೆ. ಮೇಲ್ವಿಚಾರಕ ಪ್ರತಿ ಸಂಜೆ ಮರುದಿನದ ಪಾಳಿಯ ಹೆಸರುಗಳನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುತ್ತಿದ್ದ. ಆ ಗುಂಪಿನಲ್ಲಿದ್ದು ಬದುಕುಳಿದವರ ಮೊಬೈಲ್‌ಗಳಿಂದ ತಿಂಗಳುಗಟ್ಟಲೆಯ ಪಟ್ಟಿಗಳನ್ನು ಪಡೆದೆವು. ಸಂಬಳದ ಒಂದು ಭಾಗ ಬ್ಯಾಂಕಿಗೆ, ಉಳಿದದ್ದು ಮೊಬೈಲ್ ಪಾವತಿಯ ಮೂಲಕ ಬರುತ್ತಿತ್ತು, ಎರಡರ ವಿವರವನ್ನೂ ತೆಗೆಸಿದೆವು. ಊರಿಗೆ ಕಳಿಸಿದ ಹಣದ ರಸೀದಿ, ಕ್ಯಾಂಟೀನಿನ ಲೆಕ್ಕ, ಗೇಟ್ ಪಾಸಿನ ಫೋಟೊ, ಬಾಡಿಗೆ ಕೋಣೆಯ ಮಾಲೀಕರ ಹೇಳಿಕೆ, ಹೀಗೆ ಒಂದೊಂದೇ ಸೇರಿತು. ಅದರ ಜೊತೆಗೆ ಎಫ್‌ಐಆರ್, ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷಾ ವರದಿಯ ದೃಢೀಕೃತ ಪ್ರತಿಗಳು. ಕಾರ್ಖಾನೆಗಳ ಇಲಾಖೆಯ ತನಿಖಾ ವರದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆವು. ಈ ಕೆಲಸವನ್ನು ಮೊದಲ ಕೆಲವು ವಾರಗಳಲ್ಲೇ ಮಾಡಬೇಕು. ಜೊತೆಗಿದ್ದ ಕಾರ್ಮಿಕರು ಬೇರೆ ಊರಿಗೆ ಹೊರಟುಹೋಗುತ್ತಾರೆ, ಮೊಬೈಲ್ ಬದಲಾಗುತ್ತದೆ, ಗುಂಪು ಅಳಿಸಿಹೋಗುತ್ತದೆ.

ಸಂಬಳದ ಮೇಲೆ ಯಾಕಿಷ್ಟು ಹಠ ಎಂದು ಕುಟುಂಬದವರೇ ಕೇಳುತ್ತಿದ್ದರು. ಅವರ ಮುಂದೆ ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸುತ್ತಿದ್ದೆ. ನಾವು ದಾವೆ ಹೂಡಿದ್ದು 1923ರ ನೌಕರರ ಪರಿಹಾರ ಕಾಯ್ದೆಯಡಿ. ಸಾವಿಗೆ ಅದರಲ್ಲಿರುವ ಸೂತ್ರ ಇದು: ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 30 ವರ್ಷದವರಿಗೆ ಗುಣಕ 207.98. ಸಂಬಳ 8,000 ಎಂದಾದರೆ ಸಿಗುವುದು 8,31,920 ರೂಪಾಯಿ. 15,000 ಎಂದು ಸಾಬೀತಾದರೆ 15,59,850. ಒಂದು ಸುಳ್ಳು ಕಾಲಂ ಒಂದು ಮನೆಯಿಂದ ಏಳು ಲಕ್ಷಕ್ಕೂ ಹೆಚ್ಚು ಹಣವನ್ನು ಕಿತ್ತುಕೊಳ್ಳುತ್ತಿತ್ತು. 15,000ಕ್ಕಿಂತ ಹೆಚ್ಚು ದುಡಿಯುತ್ತಿದ್ದವರಿಗೂ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. 2020ರ ಜನವರಿಯಿಂದ ಜಾರಿಗೆ ಬಂದ ಮಿತಿ ಅದು. ಜೀವಕ್ಕೆ ಬೆಲೆ ಕಟ್ಟುವಾಗ ಸಂಬಳಕ್ಕೆ ಮಿತಿ ಹಾಕುವುದು ಅನ್ಯಾಯವೆಂದು ನಾನು ಆಗಲೂ ವಾದಿಸಿದ್ದೆ, ಈಗಲೂ ಹಾಗೆಯೇ ನಂಬಿದ್ದೇನೆ. 2025ರ ನವೆಂಬರ್‌ನಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಆದರೆ ಲೆಕ್ಕದ ಈ ಚೌಕಟ್ಟು ಅದರಲ್ಲೂ ಉಳಿದುಕೊಂಡಿದೆ.

ಶವಸಂಸ್ಕಾರ ಮುಗಿಯುವ ಮೊದಲೇ ಗುತ್ತಿಗೆದಾರನ ಕಡೆಯವರು ಛಾಪಾ ಕಾಗದ ಹಿಡಿದು ಬಂದಿದ್ದರು. ಮೂರು ಲಕ್ಷ ಪಡೆದಿದ್ದೇವೆ, ಇನ್ನು ಮುಂದೆ ಯಾರ ಮೇಲೂ ಯಾವ ಹಕ್ಕೂ ಇಲ್ಲ ಎಂಬ ಒಕ್ಕಣೆ. ದುಃಖದಲ್ಲಿರುವ ಹೆಣ್ಣುಮಗಳ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ತೋರಿದ ಆ ಆತುರವನ್ನು ನಾನು ಕ್ಷಮಿಸಲಾರೆ. ಸಹಿ ಹಾಕಿದ್ದವರು ಎಲ್ಲವೂ ಮುಗಿಯಿತೆಂದು ಕೈಚೆಲ್ಲಿ ಕುಳಿತಿದ್ದರು. ಹಾಗೆ ಕೂರಬೇಕಾಗಿಲ್ಲ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಕ್ಕು ಬಿಟ್ಟುಕೊಡುವ ಇಂಥ ಒಪ್ಪಂದ ಅನೂರ್ಜಿತ. 8ನೇ ಸೆಕ್ಷನ್ ಪ್ರಕಾರ ಸಾವಿನ ಪರಿಹಾರವನ್ನು ಈ ದಾವೆಗಳನ್ನು ತೀರ್ಮಾನಿಸುವ ಆಯುಕ್ತರ ಬಳಿ ಠೇವಣಿ ಇಡಬೇಕು, ನೇರವಾಗಿ ಮನೆಯವರ ಕೈಗೆ ಕೊಟ್ಟದ್ದು ಪರಿಹಾರ ಕೊಟ್ಟಂತೆ ಆಗುವುದೇ ಇಲ್ಲ. ಇವೆರಡನ್ನೂ ಕನ್ನಡದಲ್ಲಿ, ಹಿಂದಿಯಲ್ಲಿ ಒಂದೇ ಪುಟಕ್ಕೆ ಅಚ್ಚು ಹಾಕಿಸಿ ಆಸ್ಪತ್ರೆಯ ವಾರ್ಡುಗಳಲ್ಲಿ ಹಂಚಿದೆವು.

ಆ ಕಾರ್ಮಿಕರು ನಮ್ಮವರಲ್ಲ, ಗುತ್ತಿಗೆದಾರನನ್ನು ಕೇಳಿ ಎಂದಿತು ಆಡಳಿತ ಮಂಡಳಿ. ಆ ವಾದ ಹೆಚ್ಚು ಹೊತ್ತು ನಿಲ್ಲಲಿಲ್ಲ. ತನ್ನ ಆವರಣದಲ್ಲಿ ತನ್ನದೇ ವ್ಯವಹಾರಕ್ಕಾಗಿ ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿದ ಮೂಲ ಮಾಲೀಕನೇ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ ಎನ್ನುತ್ತದೆ 12ನೇ ಸೆಕ್ಷನ್. ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ) ಇದ್ದ ಕೆಲವರ ದಾರಿ ಮಾತ್ರ ಬೇರೆಯಾಯಿತು. ವಿಮೆ ಇದ್ದವರು ಈ ಕಾಯ್ದೆಯಡಿ ಪರಿಹಾರ ಕೇಳುವಂತಿಲ್ಲ. ಅವರ ಅವಲಂಬಿತರಿಗೆ ಸಂಬಳದ ಶೇ 90ರ ಲೆಕ್ಕದಲ್ಲಿ ತಿಂಗಳ ಪಿಂಚಣಿ ಹಂಚಿಕೆಯಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಇದು ಇಡಿಗಂಟಿಗಿಂತ ಭದ್ರ ಎಂಬುದು ನನ್ನ ಅಭಿಪ್ರಾಯ.

ಸತ್ತವರ ಪ್ರಕರಣಗಳಿಗಿಂತ ಬದುಕಿದವರದ್ದೇ ಕಠಿಣವಾಗಿತ್ತು. ಎರಡೂ ಅಂಗೈ ಸುಟ್ಟು ಬೆರಳುಗಳು ಮುರುಟಿಕೊಂಡ ಯುವಕನಿಗೆ ವೈದ್ಯರು ಶೇ 35 ಅಂಗವೈಕಲ್ಯ ಎಂದು ಬರೆದಿದ್ದರು. ಎದುರು ಪಕ್ಷ ಅಷ್ಟೇ ಪ್ರಮಾಣದ ಪರಿಹಾರ ಕೊಡುವುದಾಗಿ ಹೇಳಿತು. ಆದರೆ ಕಾಯ್ದೆ ಕೇಳುವುದು ಗಳಿಸುವ ಶಕ್ತಿ ಎಷ್ಟು ಹೋಯಿತು ಎಂಬುದನ್ನು, ದೇಹ ಎಷ್ಟು ಊನವಾಯಿತು ಎಂಬುದನ್ನಲ್ಲ. 1975ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಬಡಗಿಯ ಪ್ರಕರಣ ತೀರ್ಮಾನಿಸಿತ್ತು. ಎಡಗೈಯನ್ನು ಮೊಣಕೈ ಮೇಲಕ್ಕೆ ಕಳೆದುಕೊಂಡಿದ್ದ ಅವರು ಒಂದೇ ಕೈಯಲ್ಲಿ ಮರಗೆಲಸ ಮಾಡಲಾರರು, ಆದ್ದರಿಂದ ಅದು ಪೂರ್ಣ ದುರ್ಬಲತೆ ಎಂದು ನ್ಯಾಯಾಲಯ ಹೇಳಿತು. ಆ ತೀರ್ಪನ್ನು ಮುಂದಿಟ್ಟು ವೈದ್ಯರನ್ನೇ ಸಾಕ್ಷಿಯಾಗಿ ಕರೆಸಿದೆವು. ಈ ಕೈಯಿಂದ ವಾಲ್ವ್ ತಿರುಗಿಸಬಹುದೇ, ಡ್ರಮ್ ಎತ್ತಬಹುದೇ, ಬಿಸಿಯ ಬಳಿ ನಿಲ್ಲಬಹುದೇ ಎಂದು ಒಂದೊಂದಾಗಿ ಕೇಳಿದೆ. ಪ್ರತಿಯೊಂದಕ್ಕೂ ಅವರು ಇಲ್ಲವೆಂದರು. ಪೂರ್ಣ ದುರ್ಬಲತೆಗೆ ಲೆಕ್ಕ ಸಂಬಳದ ಶೇ 60ರ ಮೇಲೆ ನಡೆಯುತ್ತದೆ, ಅಂದರೆ ಸಾವಿನ ಪರಿಹಾರಕ್ಕಿಂತ ಹೆಚ್ಚು.

ಗಾಯದ ದಾಖಲಾತಿ ಸಡಿಲವಾದರೆ ಏನಾಗುತ್ತದೆಂದು ತಿಳಿಯಲು ಭೋಪಾಲ್ ಸಾಕು. 1984ರ ಡಿಸೆಂಬರ್ 2ರ ರಾತ್ರಿಯ ಅನಿಲ ಸೋರಿಕೆಗೆ ಭಾರತ ಸರ್ಕಾರ ಯೂನಿಯನ್ ಕಾರ್ಬೈಡ್ ಕಂಪನಿಯಿಂದ ಕೇಳಿದ್ದು 300 ಕೋಟಿ ಡಾಲರ್‌ಗೂ ಹೆಚ್ಚು. 1989ರಲ್ಲಿ ರಾಜಿಯಾದದ್ದು 47 ಕೋಟಿ ಡಾಲರ್‌ಗೆ. ಪರಿಹಾರ ಪಡೆದವರು ಕೊನೆಗೆ ಐದು ಲಕ್ಷ ಮೀರಿದರು, ಗಾಯಾಳುಗಳಲ್ಲಿ ಬಹುಪಾಲು ಜನರಿಗೆ ಮೊದಲು ಸಿಕ್ಕಿದ್ದು 25,000 ರೂಪಾಯಿ. ಹೆಚ್ಚುವರಿ ಹಣ ಕೇಳಿ ಸರ್ಕಾರ ಸಲ್ಲಿಸಿದ್ದ, ತೀರ್ಪು ತಿದ್ದಲು ಉಳಿದಿರುವ ಕೊನೆಯ ದಾರಿಯಾದ ಕ್ಯುರೇಟಿವ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚ್ 14ರಂದು ವಜಾ ಮಾಡಿತು. ಜೀವನಪೂರ್ತಿ ಉಸಿರಾಟದ ತೊಂದರೆ ಅನುಭವಿಸುವವರನ್ನು ತಾತ್ಕಾಲಿಕ ಗಾಯಾಳುಗಳ ಪಟ್ಟಿಗೆ ಸೇರಿಸಿಬಿಟ್ಟರೆ ಆ ಪಟ್ಟಿ ಅವರನ್ನು ಕೊನೆಯವರೆಗೂ ಬಿಡುವುದಿಲ್ಲ.

ನಮ್ಮ ಪ್ರಕರಣದಲ್ಲೂ ಹೊಗೆ ಕುಡಿದ ಅಕ್ಕಪಕ್ಕದ ಮನೆಗಳಿದ್ದವು. ಅವರು ಕಾರ್ಮಿಕರಲ್ಲದ ಕಾರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದೆವು. ಅಲ್ಲಿ ಅಪಘಾತದ ವಿಷಯದಲ್ಲಿ ತಪ್ಪು ಯಾರದೆಂದು ಸಾಬೀತುಪಡಿಸಬೇಕಾಗಿಲ್ಲ, ಪರಿಹಾರದ ಅರ್ಜಿಗೆ ಐದು ವರ್ಷ ಕಾಲಾವಕಾಶವಿದೆ. 2020ರ ಮೇ 7ರ ವಿಶಾಖಪಟ್ಟಣದ ಸ್ಟೈರೀನ್ ಎಂಬ ವಿಷಾನಿಲದ ಸೋರಿಕೆಯ ಮರುದಿನವೇ ಈ ನ್ಯಾಯಮಂಡಳಿ ತಾನಾಗಿ ವಿಚಾರಣೆಗೆ ಎತ್ತಿಕೊಂಡು ಕಂಪನಿಯಿಂದ 50 ಕೋಟಿ ರೂಪಾಯಿ ಠೇವಣಿ ಇಡಿಸಿತ್ತು. ನಾವು ನೆಚ್ಚಿಕೊಂಡದ್ದು ದೆಹಲಿಯ ಓಲಿಯಂ ಎಂಬ ಆಮ್ಲದ ಅನಿಲ ಸೋರಿಕೆಯ ಪ್ರಕರಣದಲ್ಲಿ 1986ರ ಡಿಸೆಂಬರ್ 20ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪನ್ನು. ಅಪಾಯಕಾರಿ ಉದ್ದಿಮೆ ನಡೆಸುವವರ ಹೊಣೆಗೆ ವಿನಾಯಿತಿ ಇಲ್ಲ, ಉದ್ದಿಮೆ ದೊಡ್ಡದಾದಷ್ಟೂ ಪರಿಹಾರ ದೊಡ್ಡದಾಗಬೇಕು ಎಂದು ಅದು ಹೇಳಿತ್ತು. ಮನೆಮನೆಗೆ ಹೋಗಿ ಆರೋಗ್ಯದ ವಿವರ ಬರೆದುಕೊಂಡವರು ಸ್ಥಳೀಯ ಕಾಲೇಜಿನ ವಿದ್ಯಾರ್ಥಿಗಳು. ಅವರ ಶ್ರಮವಿಲ್ಲದೆ ಆ ಅರ್ಜಿ ನಿಲ್ಲುತ್ತಿರಲಿಲ್ಲ.

ಆಯುಕ್ತರ ಆದೇಶದಲ್ಲಿ ಸಂಬಳವನ್ನು 15,000 ಎಂದೇ ಹಿಡಿಯಲಾಯಿತು. ದುರಂತದ ದಿನದಿಂದಲೇ ಪರಿಹಾರ ಬಾಕಿ ಎಂದು ಪರಿಗಣಿಸಿ ಶೇ 12 ಬಡ್ಡಿ ಸೇರಿತು. ತಿಂಗಳೊಳಗೆ ಕೊಡದೆ ಸತಾಯಿಸಿದ್ದಕ್ಕೆ ದಂಡವೂ ಬಿತ್ತು. ದಂಡವನ್ನು ವಿಮಾ ಕಂಪನಿಯ ಮೇಲೆ ಹಾಕಲಾಗದು, ಮಾಲೀಕನೇ ತೆರಬೇಕು, ಅದಕ್ಕಾಗಿಯೇ ನಾನು ಅದನ್ನು ಬಿಡದೆ ಕೇಳಿದ್ದೆ. ಮಕ್ಕಳ ಪಾಲು ಬ್ಯಾಂಕಿನಲ್ಲಿ ಠೇವಣಿಯಾಗಿದೆ. ಆಡಳಿತ ಮಂಡಳಿ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ, ಆದರೆ ಹೋಗುವ ಮೊದಲು ಪೂರ್ತಿ ಮೊತ್ತವನ್ನು ಕಟ್ಟಬೇಕಾಯಿತು. ಸುಟ್ಟ ಕೈಯ ಯುವಕನಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಆಗಬೇಕಿದೆ, ಅದರ ಖರ್ಚನ್ನು ಮಾಲೀಕರಿಂದ ಕೊಡಿಸುವ ಅರ್ಜಿ ಈಗ ವಿಚಾರಣೆಯಲ್ಲಿದೆ.